ನರಕಕ್ಕೆ ಹೋಗಲು ಒಪ್ಪಿದ ಬಾಬಾಸಾಹೇಬರು

ನರಕಕ್ಕೆ ಹೋಗಲು ನಮ್ಮ ಕೇರಿಯಲ್ಲಿ ಯಾರೂ ಒಪ್ಪಲಿಲ್ಲ. ೧೯೮೭ರ ಬೇಸಿಗೆ. ರಾಯಬಾಗದಿಂದ ಬಂದ ಹೊಸ ಪಾದ್ರಿಗಳು ನಾಟಕವೊಂದನ್ನು ಬರೆದಿದ್ದರು. ಬಾಗಿಲಲ್ಲಿ ಬಿದ್ದಿದ್ದ ಬಡವ ಲಾಜರನಿಗೆ ತುತ್ತು ಹಾಕದ ಶ್ರೀಮಂತ ಸತ್ತು ನರಕ ಸೇರುತ್ತಾನೆ. ಲಾಜರ ಸ್ವರ್ಗದಲ್ಲಿ ಅಬ್ರಹಾಮನ ಪಕ್ಕ ಕೂರುತ್ತಾನೆ. ಶ್ರೀಮಂತ ಕೆಳಗಿನಿಂದ ಒಂದು ಹನಿ ನೀರು ಬೇಡುತ್ತಾನೆ, ಸಿಗುವುದಿಲ್ಲ. ದೇವದೂತರಾಗಲು ಇಡೀ ಕೇರಿಯೇ ಮುಂದೆ ಬಂತು. ಶ್ರೀಮಂತನಾಗಲು ಒಬ್ಬರೂ ಇಲ್ಲ. ಬೆಂಕಿಯ ನಡುವೆ ವೇಷ ಹಾಕಿಕೊಂಡು ನಿಂತಿರುವಾಗಲೇ ಪ್ರಭು ಎರಡನೆಯ ಸಲ ಬಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆ.

ಕೊನೆಗೆ ಒಪ್ಪಿದವರು ಬಾಬಾಸಾಹೇಬರು. ಅವರು ಕ್ರೈಸ್ತರಲ್ಲ, ಊರಿನ ದೊಡ್ಡ ಕಬ್ಬಿನ ಸಾಹುಕಾರರು. ಆದರೆ ನಾಟಕದ ಹುಚ್ಚು.

"ಮಾತು ಹೆಚ್ಚಿಗಿ ಯಾರಿಗದಾವ್ರಿ ಪಾದ್ರಿಗೋಳ?"

"ನರಕಕ್ಕ ಹೋಗಾಂವಗ್ರಿ."

"ಹಂಗಾದ್ರ ನಾನ ಹೋಗ್ತೇನಿ."

ಜರಿ ರುಮಾಲು, ಉಂಗುರಗಳು ಎಲ್ಲ ಅವರ ಸ್ವಂತದ್ದೇ. ಲಾಜರನ ಪಾತ್ರ ನನ್ನ ಗಂಡ ಸಿದರಾಯನಿಗೆ ಬಂತು. ಅವನ ವೇಷಕ್ಕೂ ಏನೂ ಹೊಂದಿಸಬೇಕಾಗಲಿಲ್ಲ.

ನನಗಿದ್ದ ಹೆದರಿಕೆ ಬೇರೆ. ಕೇರಿಯ ಬೋರಿಂಗ್ ಬತ್ತಿತ್ತು. ಕುಡಿಯುವ ನೀರೆಂದರೆ ಬಾಬಾಸಾಹೇಬರ ಬಾವಿಯದೇ. ನಾವು ಹಗ್ಗ ಮುಟ್ಟುವಂತಿಲ್ಲ. ಅವರ ಹೆಂಡತಿ ಗಿರಿಜವ್ವನವರು ಸೇದಿ, ಕಟ್ಟೆಯ ಮೇಲಿನಿಂದ ನಮ್ಮ ಕೊಡಕ್ಕೆ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ನಾವು ಯೇಸುವಿನ ಹೆಸರು ಹಿಡಿದ ಮೇಲೂ ಆ ಕಟ್ಟೆ ತಗ್ಗಲಿಲ್ಲ. ಸಾಹುಕಾರರಿಗೆ ಸಿಟ್ಟು ಬಂದರೆ ಆ ನೀರೂ ನಿಂತಂತೆ.

"ಸುಮ್ಮ ಕುಂದರು, ಬಾಯಿ ತೆರಿಬ್ಯಾಡ," ಎಂದು ಗಂಡನಿಗೆ ಹೇಳಿದೆ.

"ಲಾಜರಗ ಮಾತ ಇಲ್ಲ ಬೇ," ಎಂದ.

ನಾಟಕದ ದಿನ ಸಂಜೆ ಚರ್ಚಿನ ಅಂಗಳದಲ್ಲಿ ಊರೆಲ್ಲ ಸೇರಿತು. ಸ್ವರ್ಗವೆಂದರೆ ಒಂದು ಎತ್ತಿನ ಗಾಡಿ. ಅದರ ಮೇಲೆ ಹತ್ತಿಯ ಗಡ್ಡ ಕಟ್ಟಿಕೊಂಡು ಪಾದ್ರಿಗಳೇ ಅಬ್ರಹಾಮ, ಪಕ್ಕದಲ್ಲಿ ಸಿದರಾಯ, ನಡುವೆ ಬೆಳಿಗ್ಗೆ ನಾನು ತಂದಿದ್ದ ನೀರಿನ ಕೊಡ. ಕೆಳಗೆ ಕಬ್ಬಿನ ಒಣ ಎಲೆಯ ರವದಿ ಒಟ್ಟಿ ಬೆಂಕಿ ಹಚ್ಚಿದ್ದರು. ಅದು ನರಕ.

ಬಾಬಾಸಾಹೇಬರು ಚೆನ್ನಾಗಿ ನರಳುತ್ತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆಯೆಲ್ಲ ಅವರ ಮುಖಕ್ಕೆ ಬಂತು. "ನೀರು" ಎಂದರು, ಕೆಮ್ಮಿದರು, ರುಮಾಲು ಬಿತ್ತು, ಮೊಣಕಾಲೂರಿ ಕುಸಿದರು. ಜನ ಚಪ್ಪಾಳೆ ತಟ್ಟಿದರು. ಗಿರಿಜವ್ವನವರೂ ತಟ್ಟಿದರು. ದನಿ ಹೊರಡದೆ ಸಾಹುಕಾರರು ಬೊಗಸೆಯೊಡ್ಡಿದಾಗ ಇದು ನಾಟಕವಲ್ಲವೆಂದು ನನಗೆ ತಿಳಿಯಿತು. ಬಾಯಾರಿದ ನಮ್ಮ ಕೇರಿಯವರು ಹಾಗೆ ಬೊಗಸೆಯೊಡ್ಡುವುದನ್ನು ನಾನು ದಿನಾ ಬಾವಿಯ ಹತ್ತಿರ ನೋಡುತ್ತಿದ್ದೆ.

ಸಿದರಾಯನಿಗೂ ತಿಳಿದಿರಬೇಕು. ಕೊಡ ಎತ್ತಿಕೊಂಡು ಎದ್ದ.

"ಕುಂದರೋ!" ಪಾದ್ರಿಗಳು ಗಡ್ಡದೊಳಗಿಂದಲೇ ಗದರಿದರು. "ನಡುವ ದೊಡ್ಡ ಕಂದಕ ಐತಿ. ನರಕದಾಗ ಯಾರಿಗೂ ನೀರು ಸಿಗಾಂಗಿಲ್ಲ!"

"ಸಾಹುಕಾರ್ರು ಸಾಯಾಕತ್ತಾರ್ರಿ," ಎಂದ ಲಾಜರ.

ಗಾಡಿಯಿಂದ ಬಗ್ಗಿ ಮೇಲಿನಿಂದ ಸುರಿದ. ಬಾಬಾಸಾಹೇಬರು ಗಟಗಟನೆ ಕುಡಿದರು. ಚಪ್ಪಾಳೆ ನಿಂತಿತು.

ಸುವಾರ್ತೆಯೇ ಕೆಟ್ಟಿತೆಂದು ಪಾದ್ರಿಗಳು ಉಣ್ಣದೆ ಮಲಗಿದರು. ನಾನು ಗಂಡನಿಗೆ ಬಾಯಿಗೆ ಬಂದಂತೆ ಬೈದೆ, ನಾಳೆಯ ನೀರು ನೆನೆದು ಅತ್ತೆ, ಆಮೇಲೆ ಊಟಕ್ಕೆ ಬಡಿಸಿದೆ. ಅವನ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಬೆಳಿಗ್ಗೆ ಕೊಡ ಹಿಡಿದು ಹೋದೆ. ಕಟ್ಟೆಯ ಮೇಲೆ ಬಾಬಾಸಾಹೇಬರನ್ನು ಅವರ ಸೋದರಮಾವ ವಿರುಪಾಕ್ಷಪ್ಪ ಕೆಣಕುತ್ತಿದ್ದರು.

"ಅವರ ಕೈ ನೀರು ಕುಡದ್ಯಲ್ಲೋ ಬಾಬಾಸಾಹೇಬ?"

"ನಾಟಕ ಮಾವಾ ಅದು," ಎಂದರು ಇವರು. ಗಂಟಲು ಇನ್ನೂ ಕರಕರ. "ನಾಟಕದಾಗ ಮೈಲಿಗಿ ಹಿಡಿಯಾಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟೆ ಹತ್ತಿ ಕೊಡ ಕೆಳಗಿಟ್ಟೆ.

"ಹಂಗಾದ್ರ ಇವತ್ತೂ ನಾಟಕ ಐತಿ ಅಂತ ತಿಳೀರಿ ಸಾಹುಕಾರ್ರ," ಎಂದು ಹಗ್ಗಕ್ಕೆ ಕೈ ಚಾಚಿದೆ.

ಬಾಬಾಸಾಹೇಬರು ಬಾಯಿ ತೆರೆದರು. ಕೆಮ್ಮು ಬಂತು. ಗಿರಿಜವ್ವನವರು ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ಹಗ್ಗವನ್ನು ನನ್ನ ಕೈಗೆ ಹಾಕಿದರು.

"ತಗೋ ಯವ್ವಾ. ಸೇದಿ ಸೇದಿ ನನ್ನ ರಟ್ಟಿ ಬಿದ್ದು ಹೋಗ್ಯಾವು."

ಸೇದಿದೆ. ಕೊಡ ತುಂಬಿತು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.