ಆತ್ಮದ ಲೋಟದಲ್ಲಿ ಉಪ್ಪು ನೀರು

ಒತಿಲಿಯಾ ತೀರಿಕೊಂಡ ಸುದ್ದಿ ಬಂದಾಗ ನಾನು ಅವಳ ಮೀನುಗಳಿಗೆ ಊಟ ಹಾಕುತ್ತಿದ್ದೆ. ಅವಳು ನನ್ನ ಅಕ್ಕ. ಮಂಡಿನೋವು ತೋರಿಸಿಕೊಂಡು ಬರುತ್ತೇನೆಂದು ಬೆಳಿಗ್ಗೆ ಮಯಾಗ್ವೆಸ್ ಪಟ್ಟಣದ ಆಸ್ಪತ್ರೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಚಿಟಿಕೆ ಅಂದ್ರೆ ಚಿಟಿಕೆ, ಕ್ರಿಸಾಂತೊ. ನಿನ್ನ ಹಿಡಿ ಅಲ್ಲ, ನನ್ನ ಚಿಟಿಕೆ" ಎಂದು ಎರಡು ಬೆರಳು ಸೇರಿಸಿ ತೋರಿಸಿ ಹೋಗಿದ್ದಳು. ಮಧ್ಯಾಹ್ನ, ಅವಳನ್ನು ಕರೆದೊಯ್ದಿದ್ದ ನಮ್ಮ ತಮ್ಮನ ಮಗಳು ಮಿಗ್ದಾಲಿಯಾ ಕಾರಿನಿಂದ ಒಬ್ಬಳೇ ಇಳಿದಳು. ಕೈಯಲ್ಲಿ ಒತಿಲಿಯಾಳ ಚೀಲವಿತ್ತು. ಚೀಲ ಬಿಟ್ಟು ನನ್ನ ಅಕ್ಕ ಪಕ್ಕದ ಮನೆಗೂ ಹೋದವಳಲ್ಲ. ಮಿಗ್ದಾಲಿಯಾ ಬಾಯಿ ತೆರೆಯುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು.

"ದೊಡ್ಡಪ್ಪ, ಕೂತ್ಕೊಳ್ಳಿ" ಎಂದಳು. "ಡಾಕ್ಟರ್ ಕರೆಯೋದನ್ನ ಕಾಯ್ತಾ ಕುರ್ಚೀಲಿ ಕೂತಿದ್ರು. ಪಕ್ಕದಲ್ಲಿದ್ದ ಹೆಂಗಸಿಗೆ ಮೆಲ್ಚೋರ್ ವಿಷಯ ಹೇಳ್ತಾ ಹೇಳ್ತಾನೇ... ಹೃದಯ ನಿಂತೋಯ್ತು ಅಂದ್ರು. ಅತ್ತೆಗೆ ಏನೂ ಗೊತ್ತಾಗಿಲ್ವಂತೆ."

ಮೆಲ್ಚೋರ್ ಎಂದರೆ ಮೀನು. ಅವನ ಹೆಂಡತಿ ರೂಫಿನಾ. ಬೆರಳುದ್ದದ ಜೀವಗಳು. ತಲೆ ಹಳದಿ, ಮೈ ಮುತ್ತಿನ ಬಣ್ಣ. ಮರಳಿನಲ್ಲಿ ಬಿಲ ತೋಡಿ, ಬಾಯಲ್ಲಿ ಕಲ್ಲು ಹೊತ್ತು ತಂದು ಬಿಲದ ಸುತ್ತ ಕಟ್ಟೆ ಕಟ್ಟಿ, ಒಳಗೆ ನೆಟ್ಟಗೆ ನಿಂತು, ತಲೆಯನ್ನಷ್ಟೇ ಹೊರಗೆ ಹಾಕಿ ಲೋಕ ನೋಡುತ್ತಿರುತ್ತವೆ. ಬಂದರಿನ ಮುಳುಗುಗಾರನೊಬ್ಬ ತಂದುಕೊಟ್ಟ ಜೋಡಿ. ಕಡಲು ಕೂಗಳತೆಯಲ್ಲಿರುವಾಗ ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಇನ್ನೊಂದು ಕಡಲು ಯಾಕೆ ಎಂದು ನಾನು ಛೇಡಿಸಿದರೆ ಅವಳು, "ಇಗರ್ಜಿ ಕೂಗಳತೆಯಲ್ಲೇ ಇದೆ, ಮನೇಲಿ ಯಾಕೆ ಪೀಠ ಇಟ್ಕೊಂಡಿದ್ದೀಯ?" ಎನ್ನುತ್ತಿದ್ದಳು. ನಾನು ಬದುಕೆಲ್ಲ ನಮ್ಮೂರ ಇಗರ್ಜಿಯಲ್ಲಿ ಗಂಟೆ ಬಾರಿಸಿ, ಬತ್ತಿ ಹಚ್ಚಿ, ಪಾದ್ರಿಗಳ ಅಂಗಿ ಮಡಿಸಿದವನು. "ಬಲಿಪೂಜೆಗೆ ಮೊದ್ಲು ಬಾಗಿಲ ಸಂದೀಲಿ ತಲೆ ಹಾಕಿ, ಯಾರು ಬಂದ್ರು ಯಾರು ಬರ್ಲಿಲ್ಲ ಅಂತ ನೋಡ್ತೀಯಲ್ಲ, ಈ ಮೆಲ್ಚೋರ್ ಥೇಟ್ ನಿನ್ನ ಹಾಗೇ" ಎಂದು ನಗುತ್ತಿದ್ದಳು.

ಮಣ್ಣು ಮಾಡಿ ಬಂದ ಸಂಜೆಯಿಂದ ಒಂಬತ್ತು ದಿನಗಳ ಪ್ರಾರ್ಥನೆ ಮನೆಯಲ್ಲೇ ಶುರುವಾಯಿತು. ಪಡಸಾಲೆಯಲ್ಲಿ ತೊಟ್ಟಿಯ ಪಕ್ಕದ ಗೋಡೆಯೊಂದೇ ಖಾಲಿ ಇದ್ದುದರಿಂದ ಅಲ್ಲೇ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಅವಳ ಚಿತ್ರ, ಮೇಣದಬತ್ತಿಗಳು, ಮತ್ತು ದಾರಿಯಲ್ಲಿ ಆತ್ಮಕ್ಕೆ ಬಾಯಾರಿದರೆ ಇರಲೆಂದು ಒಂದು ಲೋಟ ನೀರು ಇಟ್ಟೆವು. ಜಪಸರ ನಡೆಸಲು, ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಪ್ರಾಕ್ಸೆದೆಸ್ ಬಂದಳು. ನಮ್ಮೂರಲ್ಲಿ ಅವಳ ದನಿಯಿಲ್ಲದೆ ಯಾವ ಆತ್ಮವೂ ಮೇಲೆ ಹೋಗಿಲ್ಲ. ಪಕ್ಕದ ಬೇಕರಿಯ ವೆನ್ಸೆಸ್ಲಾವೊ ದಿನವೂ ಬ್ರೆಡ್ ತಂದ. ಮಿಗ್ದಾಲಿಯಾ ಹಸಿ ತೊಗರಿಕಾಳಿನ ಅನ್ನ ಮಾಡಿದಳು, ಚಾಕೊಲೇಟು ಕಾಯಿಸಿದಳು, ಚೀಸ್ ಹೆಚ್ಚಿದಳು. ಬಂದವರೆಲ್ಲ ಉಂಡರು. ನನ್ನ ಗಂಟಲಲ್ಲಿ ಮಾತ್ರ ಏನೂ ಇಳಿಯಲಿಲ್ಲ.

ಮೆಲ್ಚೋರನಿಗೂ ಇಳಿಯಲಿಲ್ಲ. ಒತಿಲಿಯಾ ತೋರಿಸಿದ ಅಳತೆಯಲ್ಲೇ ಹಾಕಿದರೂ ಅವನು ಬಿಲದಿಂದ ಇಷ್ಟೇ ತಲೆ ಹಾಕಿ, ದವಡೆ ಬಿಗಿಹಿಡಿದು, ಮೂಗಿನ ಮುಂದೆ ತೇಲಿಹೋಗುವ ಊಟವನ್ನು ನೋಡಿ ಮತ್ತೆ ಒಳಗೆ ಸರಿಯುತ್ತಿದ್ದ.

"ಅಯ್ಯೋ, ಮೂಕಪ್ರಾಣಿ" ಎಂದಳು ದೋನ್ಯಾ ಪ್ರಾಕ್ಸೆದೆಸ್. "ಅದಕ್ಕೂ ಗೊತ್ತಾಗಿದೆ ನೋಡಿ. ದುಃಖಕ್ಕೆ ಅನ್ನ ಬಿಟ್ಟಿದೆ."

ನನಗೂ ಹಾಗೇ ಅನ್ನಿಸಿತು. ಒಂದೇ ಉಪವಾಸ ಹಿಡಿದ ಇಬ್ಬರು ಮುದುಕರ ಹಾಗೆ ಗಾಜಿನ ಆಚೆ ಅವನು, ಈಚೆ ನಾನು. ಆದರೆ ನಾನು ಹೋದರೆ ಹೋಗಲಿ, ಅವನು ಹೋಗುವಂತಿರಲಿಲ್ಲ. ಅಕ್ಕ ಕೊನೆಯ ಸಲ ನನಗೆ ಹೇಳಿದ್ದೂ ಅವನ ಊಟದ ಮಾತು, ಲೋಕದಲ್ಲಿ ಕೊನೆಗೆ ಆಡಿದ್ದೂ ಅವನದೇ ಮಾತು. ಅವಳಿಗಾಗಿ ಪ್ರಾರ್ಥನೆ ನಡೆಯುತ್ತಿರುವ ಮನೆಯಲ್ಲೇ ಅವನನ್ನು ಸಾಯಲು ಬಿಟ್ಟರೆ ನಾಳೆ ಮೇಲೆ ಅವಳಿಗೆ ಯಾವ ಮುಖ ತೋರಿಸಲಿ?

ಅಷ್ಟರಲ್ಲಿ ನೀರು ಮಬ್ಬಾಯಿತು. ಮೊದಲು ಅಕ್ಕಿ ತೊಳೆದ ನೀರಿನಷ್ಟು, ಮರುದಿನ ನೀರು ಬೆರೆಸಿದ ಹಾಲಿನಷ್ಟು. ಮೆಲ್ಚೋರನ ಹಳದಿ ತಲೆ ಮಂಜಿನಲ್ಲಿ ಇಟ್ಟ ದೀಪದ ಹಾಗೆ ಕಂಡು, ಆಮೇಲೆ ಕಾಣದೇ ಹೋಯಿತು.

"ನೀರು ಹಳೇದಾಗಿದೆ, ಅಷ್ಟೇ" ಎಂದ ವೆನ್ಸೆಸ್ಲಾವೊ. ಬೇಕರಿಯ ಎಣ್ಣೆ ಡಬ್ಬಗಳನ್ನು ತೊಳೆದುಕೊಂಡು ಕಡಲಿಗೆ ಹೋಗಿ ನೀರು ಹೊತ್ತು ತಂದ. ಎಣ್ಣೆ ಡಬ್ಬವೆಂದು ಮಿಗ್ದಾಲಿಯಾ ಒಂದೊಂದನ್ನೂ ಮೂಸಿ ನೋಡಿಯೇ ಒಳಗೆ ಬಿಟ್ಟಳು. ಅರ್ಧ ತೊಟ್ಟಿ ಬದಲಾಯಿಸಿದೆವು. ಒಂದು ಬೆಳಗಿನ ಮಟ್ಟಿಗೆ ತಿಳಿಯಾಯಿತು. ಸಂಜೆ ಜಪಸರಕ್ಕೆ ಜನ ಸೇರಿ, ಕಾಫಿ ಕುಡಿದು ಹೋಗುವಷ್ಟರಲ್ಲಿ ಮತ್ತೆ ಹಾಲು.

ಆಗ ಮಿಗ್ದಾಲಿಯಾ, ಒತಿಲಿಯಾ ಮೀನಿನ ಸಾಮಾನು ಕೊಳ್ಳುತ್ತಿದ್ದ ಅಂಗಡಿಗೆ ಫೋನು ಮಾಡಿದಳು. "ದೊಡ್ಡಪ್ಪ, ತೊಟ್ಟಿ ನೀರನ್ನ ಒಂದು ಲೋಟದಲ್ಲಿ ತೆಗೆದು ಅಲ್ಲಾಡದ ಹಾಗೆ ಇಡ್ಬೇಕಂತೆ. ಸಂಜೆ ಹೊತ್ತಿಗೆ ತಳದಲ್ಲಿ ಕೂತ್ರೆ ಮೀನು ಕೆದಕಿದ ಮರಳು, ಚಿಂತೆ ಇಲ್ಲ. ಹಾಗೇ ಬೆಳ್ಳಗಿದ್ರೆ ಒಳಗೆ ಏನೋ ಕೊಳೀತಿದೆ ಅಂತ."

ಅಲ್ಲಾಡದ ಜಾಗ ಎಲ್ಲಿದೆ ಆ ಮನೆಯಲ್ಲಿ? ಇದ್ದಬದ್ದ ಮೇಜಿನ ಮೇಲೆಲ್ಲ ಪಾತ್ರೆ, ಬಟ್ಟಲು, ಬಂದವರ ಮೊಣಕೈ. ಎಲ್ಲರೂ ಕೈಯಿಡಲು ಹೆದರುವ ಮೇಜು ಒಂದೇ, ಪೀಠದ್ದು. ಅದರ ಅಂಚಿನಲ್ಲಿ ಲೋಟವಿಟ್ಟು ನಾನು ಇಗರ್ಜಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಜಪಸರ ಶುರುವಾಗಿತ್ತು. ಆತ್ಮದ ಲೋಟವನ್ನು ತೊಳೆದು ನೀರು ಬದಲಿಸಲೆಂದು ಮಿಗ್ದಾಲಿಯಾ ಒಳಗೆ ಒಯ್ದಿದ್ದಳು.

ಜಪಸರದ ಐದು ರಹಸ್ಯಗಳಲ್ಲಿ ಮೂರನೆಯದರ ನಡುವೆ ದೋನ್ಯಾ ಪ್ರಾಕ್ಸೆದೆಸ್ ಕಣ್ಣು ತೆರೆದಳು. 'ನಮೋ ಮರಿಯಾ' ಅರ್ಧಕ್ಕೆ ನಿಂತಿತು.

"ಮಾತೆಯೇ! ಈ ನೀರು ನೋಡಿ! ಒತಿಲಿಯಾಗೆ ನೆಮ್ಮದಿ ಇಲ್ಲ!"

ಮಂಡಿಯೂರಿದ್ದ ವೆನ್ಸೆಸ್ಲಾವೊ ಹಿಂದಿನಿಂದ, "ಬದುಕಿದ್ದಾಗ್ಲೂ ನೆಮ್ಮದಿಯಾಗಿ ಕೂತೋರಲ್ಲ ಬಿಡಿ ದೋನ್ಯಾ. ನನ್ನ ಬ್ರೆಡ್ಡನ್ನ ದಿನಾ ಒತ್ತಿ ನೋಡಿ, ನಿನ್ನೇದು ಅಂತ ವಾಪಸ್ ಕೊಡ್ತಿದ್ರು" ಎಂದ.

"ನಿನ್ನೇದೇ ಆಗಿರ್ತಿತ್ತು!" ಎಂದು ಅವನಿಗೆ ತಿರುಗೇಟು ಕೊಟ್ಟು, ಅವಳು ಕಿರುಬೆರಳನ್ನು ಲೋಟದಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಮುಖ ಹಿಂಡಿಹೋಯಿತು. "ಉಪ್ಪು! ಕ್ರಿಸಾಂತೊ, ಇಗರ್ಜೀಲಿ ಬೆಳೆದೋನು ನೀನು, ಸ್ವಂತ ಅಕ್ಕನ ಆತ್ಮಕ್ಕೆ ಉಪ್ಪು ನೀರು ಇಟ್ಟಿದ್ದೀಯಾ? ಉಪ್ಪು ಮುಟ್ಟಿದ ಆತ್ಮ ಭಾರ ಆಗುತ್ತೆ, ಮೇಲೆ ಹಾರೋಕೆ ಆಗಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು."

"ದೋನ್ಯಾ ಒತಿಲಿಯಾ ಮೊದ್ಲೇ ಸ್ವಲ್ಪ ಮೈಕೈ ತುಂಬಿಕೊಂಡಿದ್ದೋರು..."

"ವೆನ್ಸೆಸ್ಲಾವೊ, ಬಾಯಿ ಮುಚ್ಚು!"

ಅದು ಆತ್ಮದ ಲೋಟವಲ್ಲ, ಮೆಲ್ಚೋರನ ಲೋಟ ಎಂದು ತಿಳಿಸಿ ಹೇಳುವುದರಲ್ಲಿ ನನಗೆ ಬೆವರಿಳಿಯಿತು. ಮಿಗ್ದಾಲಿಯಾ ಒಳಗಿನಿಂದ ತಿಳಿನೀರಿನ ಲೋಟ ತಂದು ಅದರ ಜಾಗದಲ್ಲಿಟ್ಟು, ಇನ್ನೊಂದನ್ನು ದೀಪಕ್ಕೆ ಹಿಡಿದು ನೋಡಿದಳು. ತಳದಲ್ಲಿ ಒಂದು ಕಣವೂ ಕೂತಿರಲಿಲ್ಲ. ನೀರು ಬೆಳ್ಳಗೇ ಇತ್ತು.

"ಮರಳಲ್ಲ" ಎಂದಳು. "ಒಳಗೆ ಕೊಳೀತಿದೆ. ಏನು ಕೊಳೀತಿದೆ? ದೊಡ್ಡಪ್ಪ, ದಿನಕ್ಕೆ ಎಷ್ಟು ಹಾಕ್ತಿದ್ದೀರಿ?"

"ಚಿಟಿಕೆ" ಎಂದೆ. ಅವಳು ನೋಡುತ್ತಲೇ ಇದ್ದಳು. "ಬೆಳಿಗ್ಗೆ ಒಂದು. ತಿನ್ನಲಿಲ್ಲವಲ್ಲ ಅಂತ ಮಧ್ಯಾಹ್ನ ಇನ್ನೊಂದು. ಪ್ರಾರ್ಥನೆ ಮುಗಿದ ಮೇಲೆ, ಈಗಲಾದರೂ ತಿಂದಾನು ಅಂತ..."

"ನಾನೂ ಎರಡು ಸೀಗಡಿ ಹಾಕ್ದೆ" ಎಂದಳು ಮಿಗ್ದಾಲಿಯಾ, ದನಿ ತಗ್ಗಿಸಿ. "ದಿನಾ. ಸಣ್ಣದಾಗಿ ಹೆಚ್ಚಿ."

ವೆನ್ಸೆಸ್ಲಾವೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಬ್ರೆಡ್ಡಿನ ಚೂರು. ಒಳಗಿನ ಮೆತ್ತಗಿರೋದು ಮಾತ್ರ. ಆವತ್ತಿಂದೇ, ದೇವರಾಣೆ."

ಎಲ್ಲರ ಕಣ್ಣೂ ದೋನ್ಯಾ ಪ್ರಾಕ್ಸೆದೆಸಳ ಮೇಲೆ ಹೋಯಿತು. ಅವಳು ಜಪಸರವನ್ನು ಬೆರಳಿಗೆ ಸುತ್ತಿಕೊಂಡು ನೆಟ್ಟಗೆ ಕೂತಳು. "ನಾನು ಹಾಕಿಲ್ಲ. ಕೊಟ್ಟೆ. ಚೀಸ್. ಸಾವಿನ ಮನೇಲಿ ಅಳ್ತಾ ಇರೋರನ್ನ ಹಸಿವಲ್ಲಿ ಬಿಡಬಾರದು. ಮೀನಾದ್ರೇನು? ನೀವೆಲ್ಲ ತಿಂದು ತೇಗಿದ್ರಿ, ಅದನ್ನ ಯಾರು ಕೇಳಿದ್ರಿ?"

ಹಿಂದಿನ ಸಾಲುಗಳಿಂದಲೂ ಒಂದೊಂದೇ ದನಿ ಎದ್ದಿತು. ಒಬ್ಬಳು ಅನ್ನದ ಅಗುಳು ಎಂದಳು, ಇನ್ನೊಬ್ಬಳು ಬಿಸ್ಕತ್ತು ಎಂದಳು. ತಮ್ಮೊಬ್ಬರಿಗೇ ಕರುಣೆ ಬಂದಿದೆಯೆಂದು ನಂಬಿ, ಯಾರಿಗೂ ಕಾಣದ ಹಾಗೆ ಎಲ್ಲರೂ ಕೊಟ್ಟಿದ್ದರು. ಪಾದ್ರಿಗಳು ಎಷ್ಟು ಗಂಟಲು ಹರಿದುಕೊಂಡರೂ ಇಗರ್ಜಿಯಲ್ಲಿ ಇಷ್ಟೊಂದು ಪಾಪನಿವೇದನೆ ಒಂದೇ ಸಂಜೆ ಆದದ್ದನ್ನು ನಾನು ಕಂಡಿಲ್ಲ.

ಅಕ್ಕ ಹಿಂದೊಮ್ಮೆ ಹೇಳಿದ್ದ ಮಾತು ಆಗ ನನಗೆ ನೆನಪಾಯಿತು: 'ನೀರು ಕೆಟ್ಟರೆ ಏನನ್ನೂ ಹಾಕಬೇಡ. ತೆಗೆ.'

ತೆಗೆದೆವು. ಮರಳಿನ ಮೇಲೆ ಕೂತಿದ್ದ ಕೊಳಕನ್ನು ಪೈಪಿನಿಂದ ಹೊರಗೆ ಎಳೆಯಬೇಕಿತ್ತು. ಪೈಪಿಗೆ ಬಾಯಿಟ್ಟು ಮೊದಲ ಉಸಿರು ಎಳೆಯಲು ವೆನ್ಸೆಸ್ಲಾವೊ ಮುಂದಾದ. ಬೇಡವೆಂದರೂ ಕೇಳದೆ ಬಲವಾಗಿ ಎಳೆದ. ಬಾಯ್ತುಂಬ ಬಂತು. ಬಾಗಿಲಿಗೆ ಓಡಿ ಉಗಿದು, ಒದ್ದೆ ಕಣ್ಣಲ್ಲಿ ತಿರುಗಿ, "ದೋನ್ಯಾ, ನಿಮ್ಮ ಚೀಸ್" ಎಂದ.

ನಾನು ನಕ್ಕೆ. ಅಕ್ಕ ಹೋದ ಮೇಲೆ ಮೊದಲ ಸಲ ನಕ್ಕು, ಹಾಗೇ ಕುರ್ಚಿ ಹಿಡಿದುಕೊಂಡು ಅತ್ತೂ ಬಿಟ್ಟೆ. ಯಾರೂ ನನ್ನನ್ನು ಸುಮ್ಮನಾಗಿಸಲು ಬರಲಿಲ್ಲ. ಅವರು ಒಳ್ಳೆಯವರು.

ಅಲ್ಲಿಂದ ಮುಂದೆ ತೊಟ್ಟಿಗೆ ಯಾರೂ ಏನೂ ಹಾಕಲಿಲ್ಲ. ಸೋಸುವ ಸ್ಪಂಜನ್ನು ಕಡಲ ನೀರಿನಲ್ಲೇ ಹಿಂಡಿ ತೊಳೆದೆವು. ಬೆಳಿಗ್ಗೆ ಬೆಳಿಗ್ಗೆ ಒಂದಿಷ್ಟು ನೀರು ಬದಲಿಸಿದೆವು. ವೆನ್ಸೆಸ್ಲಾವೊ ತೊಟ್ಟಿಗೆ ಬೆನ್ನು ಕೊಟ್ಟು ಕಾವಲು ಕೂತ. ದೋನ್ಯಾ ಪ್ರಾಕ್ಸೆದೆಸ್ ಒಳಗೆ ಬರುವಾಗಲೆಲ್ಲ, "ತಪಾಸಣೆ ಮಾಡ್ಕೊಳ್ಳಪ್ಪ" ಎಂದು ಅವನೆದುರು ಎರಡೂ ಅಂಗೈ ಚಾಚುತ್ತಿದ್ದಳು. ನನಗೆ ಮಾತ್ರ ಒಂದೇ ದಿಗಿಲು. ನೀರು ತಿಳಿಯಾದ ದಿನ ಮರಳಿನ ಮೇಲೆ ಏನು ಮಲಗಿರುತ್ತದೋ?

ಕೊನೆಯ ದಿನದ ಬೆಳಿಗ್ಗೆ ತೊಟ್ಟಿಯ ಆಚೆಯ ಗೋಡೆ ಕಂಡಿತು. ಆಮೇಲೆ ಬಿಲದ ಸುತ್ತಿನ ಕಲ್ಲು ಕಂಡಿತು. ಅದರ ನಡುವೆ ಹಳದಿ ತಲೆ. ಮೆಲ್ಚೋರ್ ಇದ್ದ! ಆದರೆ ದವಡೆ ಊದಿತ್ತು. ಹುಣ್ಣೋ ಗಡ್ಡೆಯೋ ಎಂದು ನಾನು ಮಿಗ್ದಾಲಿಯಾಳನ್ನು ಕೂಗಿದೆ.

ಮಿಗ್ದಾಲಿಯಾ ಗಾಜಿಗೆ ಮೂಗು ಒತ್ತಿ ನಿಂತಳು. ಆಗಲೇ ಮೆಲ್ಚೋರ್ ಬಾಯಿ ತುಸು ತೆರೆದು, ಒಳಗಿದ್ದುದನ್ನು ಒಮ್ಮೆ ಹೊರಳಿಸಿ ಮತ್ತೆ ಮುಚ್ಚಿದ. ಮಣಿಗಳ ಒಂದು ಮುದ್ದೆ, ಪ್ರತಿ ಮಣಿಯಲ್ಲೂ ಬೆಳ್ಳಿಯ ಎರಡು ಚುಕ್ಕೆ. ಅವು ಕಣ್ಣುಗಳು.

"ಮೊಟ್ಟೆ, ದೊಡ್ಡಪ್ಪ! ಬಾಯಲ್ಲಿ ಮೊಟ್ಟೆ ಇಟ್ಕೊಂಡು ಕಾವು ಕೊಡ್ತಿದ್ದಾನೆ! ದುಃಖಾನೂ ಇಲ್ಲ ಏನೂ ಇಲ್ಲ, ತಿನ್ನೋಕೆ ಬಾಯಲ್ಲಿ ಜಾಗ ಇರ್ಲಿಲ್ಲ!"

ಪಕ್ಕದ ಬಿಲದಿಂದ ರೂಫಿನಾ ತಲೆ ಹಾಕಿ, ಈಗ ತಿಳಿಯಿತೇ ಎಂಬಂತೆ ನೋಡುತ್ತಿದ್ದಳು. ಸುದ್ದಿ ಕೇಳಿ ಬಂದ ದೋನ್ಯಾ ಪ್ರಾಕ್ಸೆದೆಸ್ ಬಹಳ ಹೊತ್ತು ಬಗ್ಗಿ ನೋಡಿದಳು. "ಗಂಡಸೊಬ್ಬ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದನ್ನ ಈ ಊರಲ್ಲಿ ಇದೇ ಮೊದಲು ನೋಡ್ತಿರೋದು" ಎಂದು ವೆನ್ಸೆಸ್ಲಾವೊನ ಕಡೆ ತಿರುಗಿದಳು.

ನಾನು ಅಡಿಗೆಮನೆಗೆ ಹೋಗಿ ತಟ್ಟೆ ತೆಗೆದುಕೊಂಡೆ. ಮೆಲ್ಚೋರನಿಗೆ ಉಣ್ಣದಿರಲು ಕಾರಣವಿತ್ತು. ನನ್ನ ಬಾಯಲ್ಲಿ ಏನಿತ್ತು? ತೊಗರಿಕಾಳಿನ ಅನ್ನ ತಣ್ಣಗಾಗಿತ್ತು. ಎರಡು ಸಲ ಬಡಿಸಿಕೊಂಡೆ.

ಸಂಜೆ ಕೊನೆಯ ಜಪಸರ ಮುಗಿಯಿತು. ಪದ್ಧತಿಯಂತೆ ಪೀಠ ಬಿಚ್ಚಿದೆವು. ಹೂ ತೆಗೆದೆವು, ಬಟ್ಟೆ ಮಡಿಸಿದೆವು, ವಿದ್ಯುದ್ದೀಪ ಆರಿಸಿ ಬತ್ತಿಗಳನ್ನು ಒಂದೊಂದಾಗಿ ನಂದಿಸುತ್ತ ಬಂದೆವು. ಕೊನೆಯದೊಂದು ನನ್ನ ಕೈಯಲ್ಲಿ ಉಳಿಯಿತು. ಅದರ ಬೆಳಕಿನಲ್ಲಿ ಮೆಲ್ಚೋರ್ ಬಿಲದಿಂದ ಎಂದೂ ಬಾರದಷ್ಟು ಮೇಲಕ್ಕೆ ಬಂದ. ತಲೆಯನ್ನು ಅಡ್ಡಡ್ಡ ಒದರಿದ. ಅವನ ಬಾಯಿಂದ ಧೂಳಿನಂಥದೊಂದು ಎದ್ದು ನೀರೆಲ್ಲ ಹರಡಿತು.

"ಮತ್ತೆ ಮಬ್ಬು!" ಎಂದು ಕೂಗಿದ ವೆನ್ಸೆಸ್ಲಾವೊ. "ದೇವರಾಣೆ, ಈ ಸಲ ನಾನಲ್ಲ!"

ಆ ಧೂಳಿಗೆ ಜೀವವಿತ್ತು. ಕಣ್ಣಿರುವ ಕೂದಲೆಳೆಗಳು, ಲೆಕ್ಕವಿಲ್ಲದಷ್ಟು, ಬತ್ತಿಯ ಬೆಳಕಿಗೆ ಗಾಜಿನ ಹತ್ತಿರ ಬಂದು ಗುಂಪುಗೂಡಿದವು. ತೊಟ್ಟಿಯ ನೀರೆಳೆದು ಸೋಸುವ ಮೋಟಾರು ಅವನ್ನು ಬದುಕಗೊಡುವುದಿಲ್ಲ ಎಂದು ಮಿಗ್ದಾಲಿಯಾ ಅದನ್ನು ಆರಿಸಿದಳು. ಆತ್ಮದ ಲೋಟದ ನೀರನ್ನು ಹೊಸಿಲಾಚೆ ಚೆಲ್ಲಿ, ಅದೇ ಲೋಟದಿಂದ ಅವನ್ನು ಮೊಗೆದು ಒಂದು ಪಾತ್ರೆಗೆ ತುಂಬಿಕೊಂಡೆವು. ಮೋಟಾರನ್ನು ಮತ್ತೆ ಹಾಕುವ ಮೊದಲು ನಾನು ಎರಡು ಬೆರಳು ಸೇರಿಸಿ ಒಂದು ಚಿಟಿಕೆ ಊಟ ಹಾಕಿದೆ. ಅಕ್ಕನ ಚಿಟಿಕೆ. ಮೆಲ್ಚೋರ್ ನೆಗೆದು ಬಂದು ತಿಂದ.

ಆಮೇಲೆ ಎಲ್ಲರೂ ಕಡಲಿಗೆ ನಡೆದೆವು. ನಾನು ಮಂಡಿಯವರೆಗೆ ನೀರಿಗಿಳಿದು ಪಾತ್ರೆಯನ್ನು ಮೆಲ್ಲಗೆ ಬಗ್ಗಿಸಿದೆ. ದಡದಲ್ಲಿ ದೋನ್ಯಾ ಪ್ರಾಕ್ಸೆದೆಸ್ ಕಾದಳು. ಕೊನೆಯ ಪ್ರಾರ್ಥನೆ ಯಾವಾಗಲೂ ಅವಳದು. ಆ ಸಂಜೆ ಅವಳು ಅದನ್ನು ನನಗೆ ಬಿಟ್ಟುಕೊಟ್ಟಳು.

ಕಡಲನ್ನೂ ಅದರೊಳಗಿನ ಬೆರಳುದ್ದದ ಜೀವವನ್ನೂ ಒಂದೇ ಕೈಯಿಂದ ಮಾಡಿದ ತಂದೆಯೇ, ನನ್ನ ಅಕ್ಕ ಒತಿಲಿಯಾಳನ್ನು ನಿನ್ನ ಮನೆಗೆ ಸೇರಿಸಿಕೋ. ಅವಳ ಮಾತು ಸ್ವಲ್ಪ ಖಾರ, ಕೈ ಬಹಳ ಮೃದು. ನಾವು ಅರಿಯದೆ ಇಟ್ಟ ಉಪ್ಪು ಅವಳಿಗೆ ಭಾರವಾಗದಿರಲಿ. ನಮ್ಮ ಮಬ್ಬುಗಣ್ಣಿಗೆ ಕಾಣದ ನಿನ್ನ ತಿಳಿಬೆಳಕಿನಲ್ಲಿ ಅವಳು ನೆಮ್ಮದಿಯಾಗಿ ನೆಲೆಸಲಿ. ನಿನ್ನ ಶಾಂತಿ ಅವಳ ಮೇಲೆ ಎಂದೆಂದಿಗೂ ಇರಲಿ. ಆಮೆನ್.