ಎರಡು ಕೈ ಬೇಕಾದ ಚಾಕು

ದಾವಣಗೆರೆ ಮಂಡಿಪೇಟೆಯ ಇಜಾಜ್ ಅಂಗಡಿಯಲ್ಲಿ ಅವತ್ತು ಹನ್ನೊಂದು ಚಾಕು ತೆಗೆಸಿದೆ. ಒಂದೊಂದನ್ನೂ ಎಡಗೈಯೊಂದರಲ್ಲೇ ಬಿಚ್ಚಿ ನೋಡಿದೆ. ಬಿಚ್ಚಿಕೊಂಡದ್ದನ್ನೆಲ್ಲ ಬೇಡವೆಂದು ಸರಿಸಿದೆ. ಪಾಪ, ಇಜಾಜ್‌ಗೆ ತಲೆ ಕೆಟ್ಟುಹೋಯಿತು.

“ಅಕ್ಕಾ, ನಿಮ್ಮ ಯಜಮಾನ್ರಿಗೆ ಬಲಗೈ ಬೆರಳಿಲ್ಲ ಅಂತೀರಿ. ಸಲೀಸಾಗಿ ಬಿಚ್ಚೋದು ಕೊಟ್ರೆ ಬ್ಯಾಡ ಅಂತೀರಿ. ಇದೆಂಥಾ ವ್ಯಾಪಾರ?”

ಅವನಿಗೇನು ಹೇಳಲಿ? ನನ್ನ ಗಂಡನಿಗೆ ಬದುಕೇ ಬೇಡವಾಗಿದೆ, ಆದರೂ ಚಾಕು ಕೊಡಲೇಬೇಕು, ಕೊಟ್ಟದ್ದನ್ನು ಅವರಿಂದ ಬಿಚ್ಚಲಾಗಬಾರದು ಎನ್ನಲೇ? “ಗಟ್ಟಿ ಇರೋದು ತೋರಿಸ್ರಿ, ಸುಮ್ನೆ ತಲೆ ತಿನ್ಬ್ಯಾಡ್ರಿ” ಎಂದು ಅವನ ಮೇಲೇ ರೇಗಿದೆ. ತಲೆ ತಿನ್ನುತ್ತಿದ್ದವಳು ನಾನು.

ಅದಕ್ಕೆ ಎರಡು ತಿಂಗಳ ಮುಂಚೆ ಕರೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನು ನನ್ನ ಗಂಡ ರಮೇಶರ ಬಲಗೈಯ ಹೆಬ್ಬೆರಳೂ ಸೇರಿ ಮೂರು ಬೆರಳು ತಿಂದಿತು. ಅದಕ್ಕೂ ಮೊದಲು ನಮ್ಮ ಹರಿಹರದ ಮನೆಯಲ್ಲಿ ಜಗಳವಿಲ್ಲದ ದಿನವಿರಲಿಲ್ಲ. ಇವರ ಜೇಬಲ್ಲಿ ಸದಾ ಒಂದು ಮಡಚುವ ಚಾಕು. ಬಸ್ಸಲ್ಲಿ, ಕಟ್ಟೆಯ ಮೇಲೆ, ಕೂತಲ್ಲೆಲ್ಲ ಕಟ್ಟಿಗೆ ತುಂಡು ಹಿಡಿದು ಕೆತ್ತುವರು. ಮನೆತುಂಬ ಸಿಪ್ಪೆ. ನಾನು ಬೈಯುತ್ತ ಗುಡಿಸಿದರೆ ಅವರು ತಿರುಗಿ ಬೈಯುವರು. ಕೈ ಹೋದ ಮೇಲೆ ಬೈಯುವುದನ್ನೂ ಬಿಟ್ಟರು. ಉಪ್ಪಿಲ್ಲದ ಸಾರನ್ನೂ ತುಟಿ ಬಿಚ್ಚದೆ ಉಂಡರು. ಒಂದು ಮಧ್ಯಾಹ್ನ ಗೋಡೆ ನೋಡುತ್ತ, “ಆಶಾ, ನಾನಿದ್ದು ಏನುಪಯೋಗ? ಹೋಗಿಬಿಟ್ರೆ ನಿಂಗೂ ಹಗುರ” ಎಂದರು.

ಅವತ್ತೇ ಹಳೇ ಚಾಕುವನ್ನು ಸೇತುವೆ ಮೇಲಿಂದ ತುಂಗಭದ್ರೆಗೆ ಎಸೆದು ಬಂದೆ. ಈಳಿಗೆಮಣೆಯನ್ನು ಪಕ್ಕದ ಮನೆ ಗುಲ್ನಾಜ್ ಹತ್ತಿರ ಇಟ್ಟೆ, ತರಕಾರಿಯನ್ನು ಅಲ್ಲೇ ಹೆಚ್ಚಿ ತರುತ್ತಿದ್ದೆ. ಮಂಡಕ್ಕಿ ಹುರಿಯುವ ಭಟ್ಟಿಗೆ ಕೆಲಸಕ್ಕೆ ಹೋಗದಿದ್ದರೆ ನಡೆಯದು, ಹೋದರೆ ಜೀವವೆಲ್ಲ ಮನೆ ಕಡೆ. ಮನೆಯಲ್ಲಿ ಅತ್ತೆ ತಿಮ್ಮವ್ವ ಇದ್ದರು ನಿಜ, ಆದರೆ ಮಧ್ಯಾಹ್ನ ಉಂಡು ಮಲಗಿದರೆ ಅವರಿಗೆ ಲೋಕದ ಖಬರೇ ಇರುವುದಿಲ್ಲ.

ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಒಂದು ದಿನ ಹೇಳಿದರು: “ಮೊದಲು ಇಷ್ಟಪಡ್ತಿದ್ದ ಕೆಲಸಾನೇ ಮಾಡಿಸಿ. ಇಲ್ಲಾಂದ್ರೆ ಉಳಿದ ಎರಡು ಬೆರಳೂ ಮರಗಟ್ಟುತ್ತವೆ, ಮನಸ್ಸೂ ಮರಗಟ್ಟುತ್ತೆ.” ವಾರಗಟ್ಟಲೆ ಬಾಯಿ ಬಿಡದಿದ್ದ ಇವರು ಆಗ ತಲೆಯೆತ್ತಿ, “ನನ್ನ ಚಾಕು ಎಲ್ಲೈತೆ?” ಎಂದು ಕೇಳಿದರು. ಕೇಳಿದ್ದು ಕೆತ್ತಲಿಕ್ಕೋ, ಬೇರೆಯದಕ್ಕೋ? ಅತ್ತ ದರಿ, ಇತ್ತ ಪುಲಿ. ದೇವರೇ, ಅವತ್ತಿನ ಸಂಕಟ ಹಗೆಗೂ ಬೇಡ.

ಇಜಾಜ್ ಕೊನೆಗೆ ಒಳಗಿಂದ ಹಳೇ ಕಾಲದ ಚಾಕು ತಂದ. ಕೋಡಿನ ಹಿಡಿ, ಮೂರು ಅಲಗು: ದೊಡ್ಡದೊಂದು, ಮೊಂಡು ಮೂತಿಯದೊಂದು, ಕಿರುಬೆರಳಿನಷ್ಟು ಸಣ್ಣದೊಂದು.

“ಕೆತ್ತೋ ಮಂದಿಗೆ ಇದೇ ಬೇಕು ಅಕ್ಕಾ. ದೊಡ್ಡದು ಒರಟು ಕೆಲ್ಸಕ್ಕೆ, ಮೊಂಡು ನೆಟ್ಟನೆ ಗೆರೆಗೆ, ಸಣ್ಣದು ನಾಜೂಕಿಗೆ. ಆದ್ರೆ ಸ್ಪ್ರಿಂಗ್ ಬಲು ಗಟ್ಟಿ. ಒಂದು ಕೈಯಾಗೆ ಹಿಡಿದು ಇನ್ನೊಂದು ಕೈ ಉಗುರು ಹಾಕಿ ಎಳೀಬೇಕು.”

ಎಡಗೈಯೊಂದರಲ್ಲಿ ಎಳೆದೆ, ಜಗ್ಗಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದೆ, ಹಲ್ಲು ಜುಮ್ಮೆಂದಿತು. ಇಜಾಜ್ “ಯಾ ಅಲ್ಲಾ!” ಎಂದು ಕಣ್ಣು ಕಣ್ಣು ಬಿಟ್ಟ. “ತಡೀರಿ, ಒಂದು ಹನಿ ಎಣ್ಣೆ ಬಿಡ್ತೀನಿ, ಸಡಿಲ ಆಗ್ತೈತೆ.”

“ಎಣ್ಣೆ ಬಿಟ್ರೆ ನೋಡ್ರಿ ಮತ್ತೆ!” ಎಂದು ಚಾಕು ಕಿತ್ತುಕೊಂಡೆ.

ಮನೆಗೆ ಬಂದು ಇವರಿಗೆ ಕೊಡಹೋದರೆ ಅತ್ತೆ ಕೂಗಿದರು. “ಕೈಯಿಂದ ಕೈಗೆ ಚಾಕು ಕೊಡಬಾರ್ದವ್ವ, ಜಗಳ ಆಗ್ತಾವೆ. ನೆಲದ ಮ್ಯಾಲಿಡು.” ನೆಲದ ಮೇಲಿಟ್ಟೆ. ಇವರು ಎಡಗೈಯಲ್ಲಿ ಎತ್ತಿಕೊಂಡು, ಬಿಚ್ಚಲು ಹೋಗಿ, ಆಗದೆ ನನ್ನ ಮುಖ ನೋಡಿದರು.

“ಇಂಥದ್ದೇ ಸಿಕ್ತಾ?”

“ಹ್ಞೂಂ, ಇಂಥದ್ದೇ ಸಿಕ್ತು” ಎಂದೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಹಗಲೆಲ್ಲ ಮುಚ್ಚಿದ ಚಾಕು ಇವರ ಜೇಬಲ್ಲಿ. ಸಂಜೆ ನಾನು ಬಂದೊಡನೆ ಮುಚ್ಚಿದ್ದನ್ನೇ ಕೈಯಲ್ಲಿ ಹಿಡಿದು “ಆಶಾ, ತೆಗೆದುಕೊಡು” ಎನ್ನುವರು. ನಾನು ಸಣ್ಣ ಅಲಗೊಂದನ್ನೇ ಎಳೆದು ನೆಲದ ಮೇಲಿಡುವೆ. ಇವರು ಕಟ್ಟಿಗೆಯನ್ನು ಕಾಲಲ್ಲಿ ಒತ್ತಿಹಿಡಿದು ಎಡಗೈಯಲ್ಲಿ ಕೆತ್ತುವರು, ನಾನು ಪಕ್ಕದಲ್ಲೇ ಕಾವಲು ಕೂರುವೆ. ಮುಗಿದ ಮೇಲೆ ಮುಚ್ಚುವವಳೂ ನಾನೇ. ದೊಡ್ಡ ಅಲಗನ್ನು ಒಂದು ದಿನವೂ ತೆಗೆಯಲಿಲ್ಲ. ದಿನಾ ಚಪ್ಪಲಿ ಬಿಡುವ ಮುಂಚೆ ನನ್ನ ಕಣ್ಣು ಇವರ ಕೈಗೇ ಹೋಗುತ್ತಿತ್ತು.

ಎರಡು ತಿಂಗಳು ಹೀಗೇ ಕಳೆಯಿತು. ಮೊನ್ನೆ ಭಾನುವಾರ ಮಧ್ಯಾಹ್ನ ಸಣ್ಣ ಅಲಗು ಎಳೆಯುವಾಗ ನನ್ನ ಉಗುರು ಮುರಿದು ರಕ್ತ ಬಂತು. “ನಿನ್ನ ಮನೆ ಹಾಳಾಗ” ಎಂದು ಚಾಕುವನ್ನು ಬೈಯುತ್ತ, ಕೊಬ್ಬರಿ ಎಣ್ಣೆ ಬಿಡಲು ಅಡುಗೆಮನೆಗೆ ಒಯ್ದೆ. ಬಿಡುವುದು ಬಿಡುತ್ತೇನೆ, ಎಲ್ಲಕ್ಕೂ ಬಿಡೋಣವೆಂದು ದೊಡ್ಡ ಅಲಗಿಗೆ ಕೈ ಹಾಕಿದೆ. ಅದು ಸಲೀಸಾಗಿ ಬಂತು. ಬುಡದಲ್ಲಿ ಆಗಲೇ ಎಣ್ಣೆಯಿತ್ತು. ಸಂದಿಯಲ್ಲಿ ಬೇವಿನ ಕಟ್ಟಿಗೆಯ ಹಸಿ ಸಿಪ್ಪೆಯಿತ್ತು.

ನಾನು ಭಟ್ಟಿಯಲ್ಲಿ ಮಂಡಕ್ಕಿ ತುಂಬುತ್ತಿದ್ದ ಹೊತ್ತಲ್ಲೆಲ್ಲ ಈ ಅಲಗು ಬಿಚ್ಚಿಕೊಂಡು ಇವರ ಕೈಯಲ್ಲಿತ್ತು! ಬೆಳಿಗ್ಗೆ ಹಂಡೆ ಒಲೆ ಹೊತ್ತಿಸಲು ಅಷ್ಟೊಂದು ಸಿಪ್ಪೆ ಎಲ್ಲಿಂದ ಬರುತ್ತದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ, ಎಂಥ ದಡ್ಡಿ ನಾನು.

“ಇದನ್ನ ಹೆಂಗೆ ತೆಗೆದ್ರಿ?” ಇವರ ಮುಂದೆ ಹೋಗಿ ನಿಂತೆ.

ಇವರು ತಲೆ ತಗ್ಗಿಸಿದರು. “ಎರಡು ಮೊಣಕಾಲ ನಡುವೆ ಸಿಗಿಸಿ ಉಗುರು ಹಾಕ್ದೆ.”

ಕೈ ನೋಡಿದ್ದೆ, ಹಲ್ಲು ನೋಡಿದ್ದೆ. ಅಂಗಡಿಯಲ್ಲಿ ನಿಂತವಳಿಗೆ ಮೊಣಕಾಲು ಹೊಳೆದಿರಲಿಲ್ಲ.

“ಯಾವಾಗಿಂದ?”

“ನೀನು ತಂದ ಮಾರನೇ ದಿನದಿಂದ. ಅವತ್ತು ಕೆತ್ತಾಕೆ ತೆಗೀಲಿಲ್ಲ ಆಶಾ. ಸುಳ್ಳು ಯಾಕ ಹೇಳ್ಲಿ.”

ನಾನು ಚಾಕುವನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

“ಅಲಗು ಹದ ಐತೋ ಇಲ್ಲೋ ನೋಡಾಣ ಅಂತ ಆ ಬೇವಿನ ತುಂಡಿಗೆ ಒಂದ್ಸಲ ಹಚ್ಚಿದೆ. ಸಿಪ್ಪೆ ಸುರುಳಿ ಸುರುಳಿ ಬಂತು. ಎಡಗೈಯಾಗೂ ಬರ್ತೈತಲ್ಲ ಅನ್ನಿಸ್ತು. ಇನ್ನೊಂದು ಗೀರು, ಇನ್ನೊಂದು ಗೀರು ಅಂತ ಕೂತೆ. ಅಷ್ಟ್ರಾಗೆ ನೀನು ಬಂದ್ಬಿಟ್ಟೆ.”

“ಮತ್ತೆ ದಿನಾ ನನ್ನ ಕೈಲಿ ಯಾಕ ತೆಗೆಸ್ತಿದ್ರಿ?”

“ನಾನೇ ತೆಗೀತೀನಿ ಅಂತ ಗೊತ್ತಾದ್ರೆ ನೀನು ಕೆಲ್ಸಕ್ಕೆ ಹೋಗ್ತಿದ್ದೇನು? ಚಾಕು ಮುಚ್ಚಿರೋದು ಕಂಡ್ರೆ ಬಾಗಿಲಾಗೆ ನಿಂತು ಒಂದು ಉಸಿರು ಬಿಡ್ತಿದ್ದಿ. ಅದಕ್ಕೆ.”

ಅಳು ಕಿತ್ತುಕೊಂಡು ಬಂತು. ಅಳುತ್ತಲೇ ಖಾಲಿ ಕೈಯಿಂದ ಇವರ ಬೆನ್ನಿಗೆ ನಾಲ್ಕು ಗುದ್ದಿದೆ. ಇವರು ಮಂಚದಡಿಯಿಂದ ಒಂದು ಚೀಲ ಎಳೆದು ಸುರಿದರು. ಏಳು ಸೌಟು, ಏಳೂ ಸೊಟ್ಟ.

“ಒಂದಾದ್ರೂ ನೆಟ್ಟಗೈತೇನ್ರಿ?” ಎಂದೆ ಮೂಗು ಒರೆಸಿಕೊಳ್ಳುತ್ತ.

“ನಿನ್ನ ರೊಟ್ಟಿ ದುಂಡಗೈತೇನು?” ಎಂದರು. ನಾಲ್ಕು ತಿಂಗಳಾದ ಮೇಲೆ ಇವರು ನನಗೆ ಎದುರಾಡಿದ್ದು ಅದೇ ಮೊದಲು. “ಚಾಕು ಕೊಡಿಲ್ಲಿ” ಎಂದು ಎಡಗೈ ಚಾಚಿದರು.

ನಾನು ನೆಲದ ಮೇಲಿಡಲಿಲ್ಲ. ದೊಡ್ಡ ಅಲಗು ಬಿಚ್ಚಿದಂತೆಯೇ, ಹಿಡಿ ಅವರ ಕಡೆ ಮಾಡಿ ಅಂಗೈಯಲ್ಲೇ ಇಟ್ಟೆ. ಎಚ್ಚರವಾಗಿದ್ದ ಅತ್ತೆ ಮೂಲೆಯಿಂದ ಕೂಗಿದರು, “ಕೈಯಾಗೆ ಕೊಡಬ್ಯಾಡವ್ವ, ಜಗಳ ಆಗ್ತಾವೆ!”

“ಆಗ್ಲಿ ಬಿಡ್ರಿ ಅತ್ತಿ” ಎಂದೆ. “ಜಗಳ ಆಡಾಕೆ ಇಬ್ರೂ ಇರ್ಬೇಕಲ್ಲ.”