ಸತ್ತವಳ ಹೆಸರಿನ ಸರ್ಟಿಫಿಕೇಟು

ಹಿರೇಕೆರೂರಿನಲ್ಲಿ ನಾನು ಇಪ್ಪತ್ತು ವರ್ಷ ಡಾಕ್ಟರಿಕೆ ಮಾಡಿದೆ. ಪ್ರಾಣೇಶ ಡಾಕ್ಟರ ಕೈಗುಣ ಚಲೋ ಎಂದು ಜನ ಈಗಲೂ ಹೊಗಳುತ್ತಾರೆ. ಹೊಗಳಲಿ ಬಿಡಿ, ಅವರ ಬಾಯಿ ಕಟ್ಟಲಾದೀತೆ? ಆ ಕೈ ಏನೇನು ಬರೆದಿದೆ ಎಂಬುದು ನನಗೆ ಗೊತ್ತು.

೧೯೩೮ರ ಮಾತು. ಚಿಕ್ಕೇರೂರಿನ ಗೋಣೆಪ್ಪ, ಅವನ ಹೆಂಡತಿ ಮುದಕವ್ವ ತಮ್ಮ ಎಂಟು ವರ್ಷದ ಸಾವಂತ್ರವ್ವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಅವಳ ಅಕ್ಕ ಅನ್ನವ್ವ ವಿಷಮಜ್ವರದಲ್ಲಿ ಸತ್ತು ಮೂರು ತಿಂಗಳಾಗಿತ್ತು. ಒಂದೇ ಕೌದಿಯಲ್ಲಿ ಮಲಗುತ್ತಿದ್ದ ಮಕ್ಕಳು. ಅಂದಿನಿಂದ ಇವಳು ತುಟಿ ಬಿಚ್ಚಿರಲಿಲ್ಲ. ಬಾಯಿಗಿಟ್ಟ ತುತ್ತು ಹಾಗೇ ಹೊರಬೀಳುತ್ತಿತ್ತು. ನಾನು ನಾಡಿ ನೋಡಿ ಅವಳ ಕೈ ಬಿಟ್ಟೆ, ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ಇದು ನನ್ನ ಬಾಟಲಿಯ ಔಷಧಿಗೆ ಬಗ್ಗುವ ರೋಗವಲ್ಲ. ಇನ್ನೊಂದು ತಿಂಗಳು ಬಿಟ್ಟರೆ ಮಗು ಉಳಿಯುತ್ತಿರಲಿಲ್ಲ. ದೂರದ ಊರಿನ ಹುಚ್ಚಾಸ್ಪತ್ರೆಗೇ ಕಳಿಸಬೇಕು ಎಂದೆ. ಅದಕ್ಕೆ ನನ್ನ ಸರ್ಟಿಫಿಕೇಟು ಬೇಕು, ಮೇಲೆ ಮ್ಯಾಜಿಸ್ಟ್ರೇಟರ ಹುಕುಂ ಬೇಕು. ಹುಕುಂ ಕೊಡುವ ದಿನ ಕಚೇರಿಯ ಜವಾನ ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗುತ್ತಾನೆ.

ಮುದಕವ್ವ ಮಗಳೊಂದಿಗೆ ಹೊರಗೆ ಚಕ್ಕಡಿಯಲ್ಲಿದ್ದಳು. ಗೋಣೆಪ್ಪ ನನ್ನ ಕಾಲು ಹಿಡಿದ.

"ಎಪ್ಪಾ, ಹುಚ್ಚಿ ಅಂತ ಹೆಸರು ಬಿತ್ತಂದ್ರ ನಾಳೆ ಇಕೀನ ಯಾರ್ರೀ ಮಾಡ್ಕೋತಾರ? ಅನ್ನವ್ವನ ಹೆಸರು ಬರೀರಿ. ಸತ್ತಾಕಿ ಹೆಸರು ಇನ್ನೇನ್ ಕೆಡೂದೈತ್ರಿ? ನನ್ನ ಹೇಣ್ತಿಗೆ ಮಾತ್ರ ಹೇಳಬ್ಯಾಡ್ರಿ."

ನನಗೂ ಅದು ಸರಿಯೆನಿಸಿತು. ಏನು ಮಂಕು ಕವಿದಿತ್ತೋ! 'ಅನ್ನವ್ವ, ವಯಸ್ಸು ಎಂಟು' ಎಂದು ಬರೆದು, ಪ್ರಮಾಣಪೂರ್ವಕ ನಿಜವೆಂದು ರುಜು ಹಾಕಿದೆ. ಜವಾನ ಆ ಹೆಸರನ್ನೇ ಕೂಗಿದ. ಯಾರೂ ತಿರುಗಿ ನೋಡಲಿಲ್ಲ. ಗೋಣೆಪ್ಪ ಮಗಳನ್ನು ಆಸ್ಪತ್ರೆಗೆ ಬಿಟ್ಟು ಬಂದ. ಊರವರು ಎಲ್ಲಿಗೆಂದು ಕೇಳಿಯಾರೆಂಬ ಅಂಜಿಕೆಗೆ ಮತ್ತೆ ನೋಡಲೂ ಹೋಗಲಿಲ್ಲ, ಹೆಂಡತಿಯನ್ನೂ ಹೋಗಗೊಡಲಿಲ್ಲ.

ಎರಡು ತಿಂಗಳಿಗೆ ಅಲ್ಲಿನ ಡಾಕ್ಟರರ ಕಾಗದ ಬಂತು. ಹುಡುಗಿ ಮಾತಾಡಿದ್ದಾಳೆ! ಓದುತ್ತ ನನ್ನ ಕಣ್ಣು ತುಂಬಿದವು. ಮುಂದಿನ ಸಾಲು ಹೀಗಿತ್ತು. 'ತಾನು ಸಾವಂತ್ರವ್ವ, ಅನ್ನವ್ವ ಸತ್ತಳು ಎಂದು ಹಟ ಹಿಡಿದಿದ್ದಾಳೆ. ಅನ್ನವ್ವಾ ಎಂದು ಕರೆದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಮನೆಯಲ್ಲಿ ಸಾವಂತ್ರವ್ವ ಎಂಬ ಮಗು ಇದೆಯೆ? ಇಲ್ಲವಾದರೆ ಇದನ್ನು ಭ್ರಮೆಯೆಂದು ತಿಳಿದು ಚಿಕಿತ್ಸೆ ಮಾಡುತ್ತೇವೆ.'

'ಅವಳೇ ಸಾವಂತ್ರವ್ವ' ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಸರ್ಟಿಫಿಕೇಟು ಕೊಟ್ಟವನೆಂದು ನನ್ನ ಡಾಕ್ಟರಿಕೆಯ ಸನದೇ ಹೋಗುತ್ತಿತ್ತು. ಮೂರು ದಿನ ಆ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಾಲ್ಕನೆಯ ದಿನ 'ಅಂಥ ಮಗು ಇಲ್ಲ' ಎಂದು ಬರೆದು ಟಪಾಲಿಗೆ ಹಾಕಿದೆ. ನನ್ನಂಥ ಹೇಡಿ ಈ ತಾಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಮತ್ತೆ ಐದು ತಿಂಗಳಿಗೆ ಇನ್ನೊಂದು ಕಾಗದ ಬಂತು. 'ಭ್ರಮೆ ಪೂರ್ತಿ ಬಿಟ್ಟಿದೆ. ಕರೆದುಕೊಂಡು ಹೋಗಬಹುದು.'

ಗೋಣೆಪ್ಪ ಹೋಗಿ ಅವಳನ್ನು ನೇರ ನನ್ನ ದವಾಖಾನೆಗೇ ಕರೆತಂದ. ಮೈ ತುಂಬಿಕೊಂಡಿದ್ದಳು. ಕೈಯಲ್ಲಿ ಅರ್ಧ ತಿಂದ ಶೇಂಗಾ ಉಂಡಿ ಇತ್ತು. ಬೆಳಗಿನಿಂದ ಕಟ್ಟೆಯ ಮೇಲೆ ಕಾದು ಕೂತಿದ್ದ ಮುದಕವ್ವ ಓಡಿಬಂದು ಅಪ್ಪಿಕೊಂಡಳು.

"ಸಾವಂತ್ರೀ! ನನ್ನ ಕೂಸ, ಬಂದ್ಯಾ?"

ಹುಡುಗಿ ಮೆಲ್ಲಗೆ ತಾಯಿಯ ಕೈ ಬಿಡಿಸಿಕೊಂಡಳು.

"ಸಾವಂತ್ರಿ ಸತ್ತಾಳಬೇ. ನಾ ಅನ್ನವ್ವ."

ಮುದಕವ್ವ ಗಂಡನ ಮುಖ ನೋಡಿದಳು. ಗೋಣೆಪ್ಪ ನನ್ನ ಮುಖ ನೋಡಿದ. ಹುಡುಗಿಯೂ ನನ್ನ ಕಡೆ ತಿರುಗಿ, ಉಂಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಅಂಜುತ್ತ ಅಂಜುತ್ತ ಕೇಳಿದಳು.

"ಬರೋಬರಿ ಹೇಳಿದ್ನೆಲ್ರೀ? ಇನ್ನ ಮನೀಗೆ ಹೋಗ್ಲ್ಯಾ?"